ಬಿಲ್ ಚೀಟಿ ನೋಡದೆ ಕರೆಂಟ್ ಕಂಪನಿಗೆ ಲೋಗೋ ಮಾಡಬೇಡಿ

ಡಿಸೈನ್ ಕೆಲಸ ಮಾಡುವ ಗೆಳೆಯರೇ, ಕರೆಂಟ್ ಕಂಪನಿಯ ಹೊಸ ಲೋಗೋ ಕೆಲಸ ಸಿಕ್ಕಿತು ಅಂತ ಕುಣಿಯುವ ಮೊದಲು ಇದನ್ನು ಓದಿ. ನಾನು ಕುಣಿದು 50 ಸಾವಿರ ಕಳೆದುಕೊಂಡಿದ್ದೇನೆ.

ನಡುವೆ ಒಂದು ಜಾಹೀರಾತು ಏಜೆನ್ಸಿ ಇತ್ತು. ಲೋಗೋ, ಬಿಲ್, ಜೀಪ್, ಆಫೀಸ್ ಬೋರ್ಡ್ ಎಲ್ಲಕ್ಕೂ ಹೊಸ ರೂಪ ಬೇಕಿತ್ತು. ಮಾತಾಡಿದ್ದು 60 ಸಾವಿರ, ಕೈಗೆ ಬಂದಿದ್ದು 10. "ವರ್ಕ್ ಆರ್ಡರ್ ಆಮೇಲೆ ಮಾಡೋಣ ಸಾರ್, ಮೊದಲು ಸಾಹೇಬ್ರಿಗೆ ತೋರಿಸೋಣ" ಅಂದರು. ಹೂಂ ಅಂದೆ.

ಮಿಂಚನ್ನೇ ಎಲೆಯಂತೆ ಬಾಗಿಸಿ, ಹಸಿರು ಮೆಲ್ಲಗೆ ನೀಲಿಗೆ ತಿರುಗುವ ಹಾಗೆ ಬಣ್ಣ ತುಂಬಿದೆ. ಸ್ಕ್ರೀನ್ ಮೇಲೆ ಭಾರಿ ಚೆನ್ನಾಗಿತ್ತು. ಸಾಹೇಬ್ರೂ ಒಪ್ಪಿದರು. ಓಪನ್ ಫೈಲ್, ಅಂದರೆ ಯಾರು ಬೇಕಾದರೂ ತಿದ್ದಬಹುದಾದ ಮೂಲ ಫೈಲ್ ಕೇಳಿದರು, ಅದೇ ರಾತ್ರಿ ಕಳಿಸಿಬಿಟ್ಟೆ. ಬಾಕಿ ಹಣ ಬರುವವರೆಗೆ ಪಿಡಿಎಫ್ ಸಾಕು ಅನ್ನೋ ಬುದ್ಧಿ ಆಗ ಬರಲಿಲ್ಲ.

ಹದಿನೈದು ದಿನ ಬಿಟ್ಟು ವಾಟ್ಸಾಪಿಗೆ ಒಂದು ಫೋಟೋ ಬಂತು. ಮೀಟರ್ ರೀಡರ್ ಮನೆ ಬಾಗಿಲಲ್ಲೇ ಹರಿದು ಕೊಡುತ್ತಾರಲ್ಲ, ಆ ಚೀಟಿ. ತಲೆಯಲ್ಲಿ ನನ್ನ ಲೋಗೋ ಹೊಸಕಿದ ಸೊಳ್ಳೆಯ ಹಾಗೆ ಕೂತಿತ್ತು! ಶಾಯಿಯಿಲ್ಲದೆ ಬಿಸಿಯಿಂದಲೇ ಕಾಗದ ಕಪ್ಪಾಗಿಸುವ ಆ ಥರ್ಮಲ್ ಪ್ರಿಂಟರುಗಳು ಸಾಮಾನ್ಯವಾಗಿ ಒಂದು ಮಿಲಿಮೀಟರಿಗೆ ಎಂಟು ಚುಕ್ಕಿ ಸುಡುತ್ತವೆ. ಚುಕ್ಕಿ ಕಪ್ಪು, ಇಲ್ಲವೇ ಖಾಲಿ. ತಿಳಿ ಹಸಿರು, ಗಾಢ ನೀಲಿ ಎಲ್ಲ ಅದಕ್ಕೆ ಒಂದೇ. ಕೆಳಗಿನ ಕನ್ನಡದ ಹೆಸರಿನದು ಇನ್ನೊಂದು ಕಥೆ. ಹಳೆಯ ನುಡಿ ಫಾಂಟಲ್ಲಿ ಬರೆದು, ಕರ್ವ್ ಮಾಡದೆ, ಅಂದರೆ ಅಕ್ಷರಗಳನ್ನು ಚಿತ್ರದ ಗೆರೆಗಳಾಗಿ ಬದಲಿಸದೆ ಕಳಿಸಿದ್ದೆ. ಆ ಫಾಂಟ್ ಇಲ್ಲದ ಪ್ರೆಸ್ಸಿನವರ ಕಂಪ್ಯೂಟರಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆಗಿತ್ತು. ಬೋರ್ಡ್ ಬರೆಯುವ ಪೇಂಟರ್ ಅಂತೂ, "ಈ ಬಣ್ಣ ಯಾವ ಡಬ್ಬೀಲಿ ಸಿಗುತ್ತೆ ಸಾರ್?" ಅಂತ ಫೋನ್ ಮಾಡಿಯೇ ಕೇಳಿದ.

ತಪ್ಪು ನನ್ನದೇ. ಈ ಲೋಗೋವನ್ನು ಜನ ನೋಡುವುದು ತಿಂಗಳಿಗೊಮ್ಮೆ, ಅದೂ ಆ ಚೀಟಿಯಲ್ಲಿ. ಗೆರೆ ಎಳೆಯುವ ಮೊದಲೇ ಆ ಮೆಷಿನ್ನಿನಲ್ಲಿ ಒಂದು ಪ್ರಿಂಟ್ ತೆಗೆಸಿ ನೋಡಬೇಕಿತ್ತು. ನೀವು ಅದಕ್ಕೆ ಪಟ್ಟು ಹಿಡಿಯಿರಿ. ಲೋಗೋ ಎಲ್ಲೆಲ್ಲಿ ಬರುತ್ತದೆ ಅನ್ನುವುದನ್ನು ವರ್ಕ್ ಆರ್ಡರಲ್ಲೇ ಬರೆಸಿಕೊಳ್ಳಿ.

ಏಜೆನ್ಸಿಯವರು ಅದನ್ನೇ ನೆಪ ಮಾಡಿಕೊಂಡರು. "ಬಿಲ್ಲಲ್ಲಿ ಕಾಣದ ಲೋಗೋಗೆ ದುಡ್ಡು ಯಾಕೆ?" ಒಂದೇ ಬಣ್ಣದ್ದು ಪುಕ್ಕಟೆ ಮಾಡಿಕೊಟ್ಟೆ, ಆದರೂ ಕೊಡಲಿಲ್ಲ. ವಕೀಲರನ್ನು ಕೇಳಿದೆ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆಯಲ್ಲಿದೆಯಂತೆ. ಆದರೆ ನನ್ನ ಹತ್ತಿರ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿ ಇರಲಿಲ್ಲ, ವರ್ಕ್ ಆರ್ಡರ್ ಮೊದಲೇ ಇಲ್ಲ. ವಕೀಲರು ಸುಮ್ನೆ ತಲೆ ಆಡಿಸಿದರು.

ಮೊನ್ನೆ ನಮ್ಮ ಮನೆ ಮುಂದೆ ಆ ಕರೆಂಟ್ ಕಂಪನಿಯ ಜೀಪ್ ನಿಂತಿತ್ತು. ಬಾಗಿಲ ಮೇಲೆ ನನ್ನ ಎಲೆ, ಹಸಿರಿನಿಂದ ನೀಲಿಗೆ, ಏನೂ ಕೆಡದೆ. ಕೆಇಬಿ ಹೋಗಿ ಕೆಪಿಟಿಸಿಎಲ್ ಬಂದಿದ್ದು 1999ರಲ್ಲಿ, 2002ರಲ್ಲಿ ವಿತರಣೆಗೇ ಬೇರೆ ಬೇರೆ ಕಂಪನಿಗಳಾದವು. ಅಮ್ಮ ಕಿಟಕಿಯಿಂದ ಬಗ್ಗಿ ನೋಡಿ, "ಕೆಇಬಿಯವರು ಬಂದಿದಾರೆ ನೋಡೋ" ಅಂದಳು.