ಶಾಲೆಯ ಕೀಬೋರ್ಡು, ಮನೆ ಪಾಠ, ಆನ್‌ಲೈನು, ರಂಗಶಿಬಿರ: ಹಾಸನದಲ್ಲಿ ನಾವು ಮಾಡಿ ನೋಡಿದ್ದು

ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಶುರುವಾಯಿತು, ಈಗ ಆರನೇ ಕ್ಲಾಸು. ಈ ಮೂರು ವರ್ಷದಲ್ಲಿ ಸಂಗೀತ, ಕಲೆ ಅಂತ ಹಾಸನದಲ್ಲಿ ಒಂದು ಮಗುವಿಗೆ ಸಿಗಬಹುದಾದ ನಾಲ್ಕು ದಾರಿಯಲ್ಲೂ ಅಲೆದು ಬಂದಿದ್ದೇವೆ. ಫೀಸು ಕಟ್ಟಿದವಳು ನಾನು, ಸ್ಕೂಟಿಯಲ್ಲಿ ಬಿಟ್ಟು ಹೊರಗೆ ಕಾದವಳೂ ನಾನೇ. ಹಾಗಾಗಿ ಒಂದಿಷ್ಟು ಹೇಳುವ ಹಕ್ಕಿದೆ ಅಂದುಕೊಂಡಿದ್ದೇನೆ.

ಮೊದಲು ಅವಳ ಶಾಲೆಯದ್ದೇ ಕೀಬೋರ್ಡ್ ಕ್ಲಾಸು. ಆಕ್ಟಿವಿಟಿ ಫೀ ಅಂತ ವರ್ಷಕ್ಕೆ 6,000 ರೂಪಾಯಿ. ವಾರಕ್ಕೊಂದು ಪೀರಿಯಡ್, 40 ನಿಮಿಷ. ಮಕ್ಕಳು 38, ಕೀಬೋರ್ಡು 6. ಲೆಕ್ಕ ಹಾಕಿ ನೋಡಿ, ಒಂದು ಮಗುವಿನ ಪಾಲಿಗೆ ಬರುವುದು ಆರು ನಿಮಿಷ ಚಿಲ್ಲರೆ. ಉಳಿದ ಹೊತ್ತು ಕೈಕಟ್ಟಿ ಕೂತು ಮುಂದಿನವರು ಏಳುವುದನ್ನು ಕಾಯುವುದು. ಸಂಗೀತ ಕಲಿತರೆ ಮಕ್ಕಳಿಗೆ ಗಣಿತ ಚುರುಕಾಗುತ್ತದೆ ಅಂತ ಶಾಲೆಯ ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದರು. ಈ ಮಾತಿನ ಬೇರು ಹುಡುಕುತ್ತಾ ಹೋದರೆ 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ಪ್ರಯೋಗ ಸಿಗುತ್ತದೆ. ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಜಾರ್ಟ್ ಕೇಳಿಸಿದರು, ಆಕೃತಿಗಳನ್ನು ಮನಸ್ಸಿನಲ್ಲೇ ಮಡಚಿ ನೋಡುವಂಥ ಪ್ರಶ್ನೆಗಳಲ್ಲಿ ಸ್ವಲ್ಪ ಹೆಚ್ಚು ಅಂಕ ಬಂತು, ಅದೂ ಕಾಲು ಗಂಟೆಯೊಳಗೆ ಇಳಿದುಹೋಯಿತು. ಅದರಲ್ಲಿ ಮಕ್ಕಳೂ ಇರಲಿಲ್ಲ, ಕೀಬೋರ್ಡೂ ಇರಲಿಲ್ಲ. ಇತ್ತ ನಮ್ಮಲ್ಲಿ ಯೂನಿಟ್ ಟೆಸ್ಟ್ ಹತ್ತಿರ ಬಂದ ಕೂಡಲೇ ಆ ಸಂಗೀತದ ಪೀರಿಯಡ್ಡನ್ನು ತೆಗೆದುಕೊಳ್ಳುತ್ತಿದ್ದವರು ಗಣಿತದ ಮಿಸ್ಸೇ. ಒಂದು ವರ್ಷದ ಕೊನೆಗೆ ವಾರ್ಷಿಕೋತ್ಸವಕ್ಕೆ ಒಂದು ಬೆರಳಲ್ಲಿ ನುಡಿಸುವ ನಾಲ್ಕು ಸಾಲು ಬಂತು. ಅಷ್ಟೇ.

ಎರಡನೆಯದು ವಿದ್ಯಾನಗರದ ಒಬ್ಬ ಟೀಚರ ಮನೆಯಲ್ಲಿ ಪಾಠ. ಮಂಗಳವಾರ, ಶುಕ್ರವಾರ, ತಿಂಗಳಿಗೆ 1,000. ಅರವತ್ತು ದಾಟಿದವರು, ತವರು ರಾಮನಾಥಪುರದ ಕಡೆ. ನಡುಮನೆಯಲ್ಲಿ ಚಾಪೆ, ಮೂಲೆಯಲ್ಲಿ ಶ್ರುತಿಪೆಟ್ಟಿಗೆ, ಒಳಗಿನಿಂದ ಹುಳಿಯ ಒಗ್ಗರಣೆ ವಾಸನೆ. ಮಾಯಾಮಾಳವಗೌಳ ರಾಗದ ಸರಳೆ (ಸ್ವರಗಳನ್ನು ಹತ್ತಿ ಇಳಿಯುವ ಮೊದಲ ಪಾಠ), ಆಮೇಲೆ ಜಂಟಿ (ಒಂದೊಂದು ಸ್ವರವನ್ನೂ ಎರಡೆರಡು ಸಲ ಹಾಡುವುದು). ಐದು ತಿಂಗಳು ಇಷ್ಟೇ. ಒಂದು ದಿನ ಮಗಳು ತಡೆಯಲಾರದೆ, "ಟೀಚರ್, ಹಾಡು ಯಾವಾಗ ಹೇಳಿಕೊಡ್ತೀರಾ?" ಅಂದಳು. "ಎಸರು ಮರಳೋಕೆ ಮುಂಚೆ ಅಕ್ಕಿ ಹಾಕ್ತಾರೇನೇ ಪುಟ್ಟಾ?" ಅಂದರು ಅವರು, ನಗದೆ.

ಈ ರಾಗದಿಂದಲೇ ಯಾಕೆ ಶುರು ಮಾಡುತ್ತಾರೆ ಅಂತ ನನಗೆ ತಿಳಿದದ್ದು ಆ ಚಾಪೆಯ ಅಂಚಿನಲ್ಲಿ ಕೂತಾಗ. ಸ ಬಿಟ್ಟು ರಿ ಒಂದು ಗೇಣು, ರಿ ಬಿಟ್ಟು ಗ ಒಂದು ಮಾರು, ಮತ್ತೆ ಮ ಪಕ್ಕದಲ್ಲೇ. ಪ ಇಂದ ಮೇಲಿನ ಸ ವರೆಗೂ ಅದೇ ನಕ್ಷೆ ಇನ್ನೊಮ್ಮೆ. ಹತ್ತಿರ, ದೂರ, ಹತ್ತಿರ ಅನ್ನುವ ವ್ಯತ್ಯಾಸ ಎಳೆಯ ಕಿವಿಗೂ ಎದ್ದು ಕೇಳುತ್ತದೆ. ಮಗಳು ಮೂರನೇ ಕಾಲದಲ್ಲಿ, ಅಂದರೆ ಎಲ್ಲಕ್ಕಿಂತ ವೇಗದ ಸುತ್ತಿನಲ್ಲಿ, ಓಡತೊಡಗಿದರೆ ಟೀಚರು ಬಾಯಲ್ಲಿ ಏನೂ ಹೇಳುತ್ತಿರಲಿಲ್ಲ. ತಾಳ ಹಾಕುತ್ತಿದ್ದ ಅವಳ ಮಣಿಕಟ್ಟು ಹಿಡಿದು, ಒಂದು ಪೆಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು ಅಂತ ತಾವೇ ಎಣಿಸುತ್ತಿದ್ದರು. ಸ್ವರ ಜಾರಿದರೆ, "ಏನಮ್ಮಾ, ಶ್ರುತಿ ಬಿಟ್ಟು ಎಲ್ಲಿಗೆ ಹೊರಟೆ? ವಾಪಸ್ ಬಾ." ಆರು ನಿಮಿಷದ ಕೀಬೋರ್ಡು ಇದನ್ನು ಯಾವ ಜನ್ಮಕ್ಕೂ ಮಾಡಲಾರದು. ಅದರಲ್ಲಿ ಕೀ ಒತ್ತಿದರೆ ಸ್ವರ ಸರಿಯಾಗಿಯೇ ಬರುತ್ತದೆ, ಕಿವಿಗೆ ಕೆಲಸವಿಲ್ಲ.

ಒಂದು ಭಾನುವಾರ ಟೀಚರು ಮಕ್ಕಳನ್ನು ರುದ್ರಪಟ್ಟಣಕ್ಕೆ ಕರೆದುಕೊಂಡು ಹೋದರು. ಅರಕಲಗೂಡು ತಾಲ್ಲೂಕು, ಕಾವೇರಿ ದಂಡೆ. 1920ರಲ್ಲಿ ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು, ಜೋಡಿ ಹಾಡುಗಾರಿಕೆಯ ರುದ್ರಪಟ್ಟಣಂ ಸಹೋದರರ ಊರು. ಗಾಯಕ ಆರ್.ಕೆ. ಪದ್ಮನಾಭ ಅವರು ಅಲ್ಲಿ ತಂಬೂರಿಯ ಆಕಾರದಲ್ಲೇ ಒಂದು ಮಂದಿರ ಕಟ್ಟಿಸಿದ್ದಾರೆ, ಮಕ್ಕಳು ಅದನ್ನು ಸುತ್ತಿ ಸುತ್ತಿ ನೋಡಿದರು. ನನ್ನ ಮಗಳು ಕೇಳಿದಳು: "ಇಷ್ಟು ಚಿಕ್ಕ ಊರಲ್ಲಿ ಅಷ್ಟೊಂದು ಜನ ಹೇಗೆ ಹಾಡೋರಾದ್ರು?" ಟೀಚರು, "ಪಕ್ಕದ ಮನೇಲಿ ಹಾಡ್ತಿದ್ರು, ಅದಕ್ಕೆ" ಅಂದರು. ಆ ಮಾತು ಯಾಕೋ ತಲೆಯಲ್ಲೇ ಉಳಿಯಿತು. ನಮ್ಮ ಪಕ್ಕದ ಮನೆಯಲ್ಲಿ ಟಿವಿ ಇದೆ.

ಟೀಚರು ಮಂಡಿ ಆಪರೇಷನ್ನಿಗೆ ಬೆಂಗಳೂರಿನ ಮಗನ ಮನೆಗೆ ಹೋಗಿದ್ದ ನಾಲ್ಕು ತಿಂಗಳು ಆನ್‌ಲೈನ್ ಕ್ಲಾಸಿಗೆ ಸೇರಿಸಿದೆ. ಎಂಟು ಕ್ಲಾಸಿಗೆ 2,400. ಮೊದಲ ದಿನವೇ ವಿಚಿತ್ರ: ನಮ್ಮ ಶ್ರುತಿಪೆಟ್ಟಿಗೆ ಆ ಕಡೆಯವರಿಗೆ ಕೇಳುತ್ತಲೇ ಇಲ್ಲ. ಒಂದೇ ಸಮ ಬರುವ ಸದ್ದು ಅಂದರೆ ಫ್ಯಾನೋ ಮಿಕ್ಸಿಯೋ ಇರಬೇಕು ಅಂದುಕೊಂಡು ಆ ಆ್ಯಪ್ ಅದನ್ನು ಒರೆಸಿಹಾಕುತ್ತದೆ. ಜೂಮ್‌ನಲ್ಲಿ 'ಒರಿಜಿನಲ್ ಸೌಂಡ್' ಅನ್ನುವುದನ್ನು ಆನ್ ಮಾಡಬೇಕಂತೆ, ಅದು ತಿಳಿಯುವಷ್ಟರಲ್ಲಿ ಮೂರು ಕ್ಲಾಸು ಮುಗಿದಿತ್ತು. ಇನ್ನೊಂದು ತೊಂದರೆಗೆ ಸೆಟ್ಟಿಂಗೇ ಇಲ್ಲ. ಸದ್ದು ಹೋಗಿ ಬರುವಷ್ಟರಲ್ಲಿ ತಾಳ ಹಿಂದೆ ಬೀಳುತ್ತದೆ, ಹಾಗಾಗಿ ಗುರು, ಶಿಷ್ಯೆ ಜೊತೆಯಾಗಿ ಹಾಡುವುದು ಆಗುವುದೇ ಇಲ್ಲ. ಅವರು ಹಾಡಬೇಕು, ಇವಳು ಮ್ಯೂಟಲ್ಲಿ ಹಾಡಬೇಕು. ಆಷಾಢದ ಮಳೆಗೆ ಕರೆಂಟು ಹೋದ ದಿನಗಳ ಮಾತು ಬೇಡ. ಒಂದು ನ್ಯಾಯ ಹೇಳಬೇಕು: ರೆಕಾರ್ಡಿಂಗ್ ಕೊಡುತ್ತಾರೆ, ಮಗಳು ಅದನ್ನು ಹತ್ತು ಸಲ ಕೇಳುತ್ತಿದ್ದಳು. ಸಕಲೇಶಪುರದ ಆಚೆ ಎಸ್ಟೇಟಿನಲ್ಲಿರುವ ನನ್ನ ಅಕ್ಕನ ಮಕ್ಕಳಿಗೆ ಇದು ಬಿಟ್ಟರೆ ಬೇರೆ ಗತಿಯೂ ಇಲ್ಲ.

ನಾಲ್ಕನೆಯದನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಬೇಸಿಗೆ ರಜೆ ಕಳೆಯಲಿ ಅಂತ ಊರಿನ ಒಂದು ನಾಟಕ ತಂಡದ ಮಕ್ಕಳ ಶಿಬಿರಕ್ಕೆ ಸೇರಿಸಿದೆ, 20 ದಿನಕ್ಕೆ 2,000. ಸರ್ಕಾರಿ ಶಾಲೆಯ ಮಕ್ಕಳಿಗೆ ಫೀಸಿಲ್ಲ. ಸುಮಾರು 45 ಮಕ್ಕಳು. ಹಳೇ ಪೇಪರು, ಮೈದಾ ಅಂಟಿನಲ್ಲಿ ಮುಖವಾಡ, ಕೋಲಾಟ, ತಮಟೆ, ಹಾಡು. ಮೂರನೇ ದಿನ ಮಗಳು ಬೆರಳು ಊದಿಸಿಕೊಂಡು ಬಂದಳು. ಕೋಲಾಟದಲ್ಲಿ ತಾಳ ತಪ್ಪಿದರೆ ಮಣಿಕಟ್ಟು ಹಿಡಿಯುವ ಟೀಚರಿಲ್ಲ, ಎದುರಿನವರ ಕೋಲೇ ಪಾಠ ಹೇಳುತ್ತದೆ.

ಮೇಳದ ಹಾಡಿನಲ್ಲಿ ಇವಳದ್ದೊಂದು ರಗಳೆಯಾಯಿತು. ಮನೆ ಪಾಠದ ಐದೂವರೆ ಶ್ರುತಿ, ಅಂದರೆ ದನಿಯ ಎತ್ತರದ ಮಟ್ಟ, ಗಂಟಲಲ್ಲಿ ಕೂತುಬಿಟ್ಟಿದೆ, ಉಳಿದವರೆಲ್ಲ ಕೆಳಗೆಲ್ಲೋ ಹಾಡುತ್ತಿದ್ದಾರೆ, ಇವಳೊಬ್ಬಳು ಮೇಲೆ. ನಿರ್ದೇಶಕರು ನಿಲ್ಲಿಸಿ, "ನೀನು ಸರಿಯಾಗೇ ಹಾಡ್ತಿದ್ದೀಯಮ್ಮ. ಆದ್ರೆ ನಲವತ್ನಾಲ್ಕು ಜನ ಬೇರೆ ಕಡೆ ಇದ್ದಾರಲ್ಲ, ನೀನೇ ಅವರ ಹತ್ರ ಬಾ" ಅಂದರಂತೆ. ಅವತ್ತು ರಾತ್ರಿ ಅತ್ತಳು. ವಾರದೊಳಗೆ ಪಕ್ಕದವರಿಗೆ ಕಿವಿಗೊಟ್ಟು ಹಾಡತೊಡಗಿದಳು. ಕ್ಲಾಸಿನಲ್ಲಿ ಬಾಯಿ ಬಿಡದವಳು ಈಗ ಮೇಕೆಯ ಪಾತ್ರಕ್ಕೆ ಜಗಳ ಆಡುತ್ತಿದ್ದಳು.

ಟೊರೊಂಟೊದ ಗ್ಲೆನ್ ಷೆಲೆನ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು 2004ರಲ್ಲಿ ಪ್ರಕಟಿಸಿದ ಅಧ್ಯಯನವೂ ಹೆಚ್ಚುಕಡಿಮೆ ನಮ್ಮ ಮನೆಯ ಕಥೆಯಂತೆಯೇ ಇದೆ. ಆರು ವರ್ಷದ 144 ಮಕ್ಕಳು. ಕೆಲವರಿಗೆ ಕೀಬೋರ್ಡು, ಕೆಲವರಿಗೆ ಹಾಡು, ಕೆಲವರಿಗೆ ನಾಟಕ, ಕೆಲವರಿಗೆ ಏನೂ ಇಲ್ಲ. ಸಂಗೀತದ ಮಕ್ಕಳ ಐಕ್ಯೂ ಉಳಿದವರಿಗಿಂತ ಎರಡು ಮೂರು ಅಂಕ ಹೆಚ್ಚು ಏರಿತು. ಆದರೆ ನಾಲ್ಕು ಜನರ ಜೊತೆ ಬೆರೆಯುವ ನಡವಳಿಕೆ ಸುಧಾರಿಸಿದ್ದು ನಾಟಕದವರಲ್ಲಿ ಮಾತ್ರ.

ಶಿಬಿರದಲ್ಲಿ ಸಂತೆಪೇಟೆ ಕಡೆಯ ಒಬ್ಬ ಹುಡುಗನಿದ್ದ, ಸರ್ಕಾರಿ ಶಾಲೆ, ಏಳನೇ ಕ್ಲಾಸು. ಯಾರೂ ಹೇಳಿಕೊಡದೆ ಸ್ವರಕ್ಕೆ ಸರಿಯಾಗಿ ನಿಲ್ಲುತ್ತಿದ್ದ. ನನ್ನ ಮಗಳಿಗೆ ತಮಟೆ ಹೇಳಿಕೊಟ್ಟವನೂ ಅವನೇ. ಶಾಲೆಯಲ್ಲಿ ಸಂಗೀತದ ಮೇಷ್ಟ್ರು ಯಾರಪ್ಪ ಅಂದೆ. "ಇಲ್ಲ ಆಂಟಿ, ಪ್ರತಿಭಾ ಕಾರಂಜಿ ಬಂದಾಗ ಕನ್ನಡ ಮಿಸ್ಸು ಮೊಬೈಲಲ್ಲಿ ಹಾಡು ಹಾಕ್ತಾರೆ" ಅಂದ. ಹತ್ತನೇ ಕ್ಲಾಸಿನವರೆಗೂ ಕಲೆ ಕಡ್ಡಾಯ ವಿಷಯವಾಗಬೇಕು ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿದೆ. ಆ ಹುಡುಗನಿಗೆ ಸಿಕ್ಕಿದ್ದು 20 ದಿನ.

ಹಾಗಾಗಿ ನನ್ನ ಲೆಕ್ಕ ಇದು. ಗಂಟಲು, ಕಿವಿ ಹದಕ್ಕೆ ಬರಬೇಕಾದರೆ ಮನೆ ಪಾಠಕ್ಕೆ ಸಾಟಿಯಿಲ್ಲ, ತಾಳ್ಮೆ ಇದ್ದರೆ. ಟೀಚರ್ ಸಿಗದ ಊರಿನಲ್ಲಿ ಆನ್‌ಲೈನು ಆದೀತು. ಆದರೆ ಒಂದನ್ನೇ ಉಳಿಸಿಕೋ ಅಂದರೆ ನಾನು ಶಿಬಿರವನ್ನು ಹಿಡಿಯುತ್ತೇನೆ, ಅದೂ ಶಾಲೆಯೊಳಗೆ, ವಾರವಾರ, ಎಲ್ಲ ಮಕ್ಕಳಿಗೂ. ಪಕ್ಕದ ಮನೆಯ ಹಾಡು ಈಗ ಸಿಗಬಹುದಾದ ಜಾಗ ಶಾಲೆಯ ಪಕ್ಕದ ಬೆಂಚೊಂದೇ.

ಕೀಬೋರ್ಡ್ ಫೀಸಿನ ದುಡ್ಡಿನಲ್ಲಿ 38 ಜೊತೆ ಕೋಲು, ಎರಡು ತಮಟೆ ತರಿಸಿ, ವಾರಕ್ಕೊಮ್ಮೆ ಆ ತಂಡದವರನ್ನು ಕರೆಸಿ ಅಂತ ಶಾಲೆಗೆ ಪತ್ರ ಬರೆದುಕೊಟ್ಟೆ. ನೋಡೋಣ ಮೇಡಂ ಅಂದರು. ಮಂಗಳವಾರ, ಶುಕ್ರವಾರದ ಪಾಠ ಮತ್ತೆ ಶುರುವಾಗಿದೆ, ಟೀಚರು ಈಗ ಕುರ್ಚಿಯಲ್ಲಿ ಕೂತು ಹೇಳಿಕೊಡುತ್ತಾರೆ. ಈ ವರ್ಷದ 6,000 ನಾನಿನ್ನೂ ಕಟ್ಟಿಲ್ಲ. ಕಡ್ಡಾಯವಂತೆ, ನಿನ್ನೆ ಮೆಸೇಜು ಬಂದಿದೆ.