ಕೋರ್ಸ್, ಕಾರ್ಯಾಗಾರ, ಹಿಂದಿನ ಬೆಂಚಿನ ಮಾರ್ಗದರ್ಶಿ: ಮೂರನ್ನೂ ಮಾಡಿ ನೋಡಿದೆ

ಪ್ರಶ್ನೆ ಕೇಳಿದ ಮೇಲೆ ಮಗುವಿನ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು? ಆನ್‌ಲೈನ್ ಕೋರ್ಸಿನ ಕ್ವಿಜ್‌ನಲ್ಲಿ ಇದಕ್ಕೆ ನನಗೆ ಪೂರ್ತಿ ಅಂಕ ಬಂತು. ಕನಿಷ್ಠ 3 ಸೆಕೆಂಡ್, ಮಾತು ನಿಧಾನವಾಗಿ ಅರ್ಥವಾಗುವ ಮಗುವಾದರೆ ಇನ್ನೂ ಜಾಸ್ತಿ. ಏಳು ತಿಂಗಳ ನಂತರ ಒಬ್ಬ ಮಾರ್ಗದರ್ಶಿ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತರು. ಹತ್ತು ಪ್ರಶ್ನೆಗಳಲ್ಲಿ ಏಳಕ್ಕೆ ನಾನು ಒಂದು ಸೆಕೆಂಡೂ ಕಾದಿರಲಿಲ್ಲ. ಇನ್ನೊಂದಕ್ಕೆ ಕಾದಿದ್ದೆ, ಆದರೆ ಅದು ಕೆಮ್ಮು ಬಂದಿದ್ದರಿಂದ.

ನಾನು ಸಾಮಾನ್ಯ ತರಗತಿಯ ಶಿಕ್ಷಕಿ. ವಿಶೇಷ ಅಗತ್ಯ ಇರುವ ಐದು ಮಕ್ಕಳು ನನ್ನ ತರಗತಿಗೆ ಬಂದಾಗ ನನಗೆ ಆ ವಿಷಯದಲ್ಲಿ ಏನೂ ಗೊತ್ತಿರಲಿಲ್ಲ. ಆಮೇಲೆ ಮೂರು ಬಗೆಯ ತರಬೇತಿ ತೆಗೆದುಕೊಂಡೆ: ಆನ್‌ಲೈನ್ ಕೋರ್ಸ್, ಎರಡು ದಿನದ ಕಾರ್ಯಾಗಾರಗಳು, ತರಗತಿಗೇ ಬಂದು ಹೇಳಿಕೊಡುವ ಮಾರ್ಗದರ್ಶಿ. ಯಾವುದು ಒಳ್ಳೆಯದು ಅಂತ ಸಹೋದ್ಯೋಗಿಗಳು ಕೇಳುತ್ತಲೇ ಇರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಆನ್‌ಲೈನ್ ಕೋರ್ಸನ್ನು ಬಯ್ಯುವವರೇ ಹೆಚ್ಚು. ನಾನು ಬಯ್ಯುವುದಿಲ್ಲ. ಅದು ನನಗೆ ಪದಗಳನ್ನು ಕೊಟ್ಟಿತು. ಅದಕ್ಕೆ ಮೊದಲು ವಾಕ್ ತಜ್ಞರ ವರದಿ ಬಂದರೆ ಸುಮ್ನೆ ಫೈಲಿಗೆ ಸೇರಿಸುತ್ತಿದ್ದೆ. ಮಾತನ್ನು ಅರ್ಥ ಮಾಡಿಕೊಳ್ಳುವುದು ಬೇರೆ, ಮಾತಾಡುವುದು ಬೇರೆ, ಒಂದು ಮಗುವಿನಲ್ಲಿ ಈ ಎರಡರ ಮಟ್ಟ ತೀರಾ ಬೇರೆ ಬೇರೆ ಇರಬಹುದು ಅನ್ನುವುದು ಅಲ್ಲಿ ಗೊತ್ತಾಯಿತು. ನಾನು ಹೇಳಿದ ವಾಕ್ಯವನ್ನು ಹಾಗೇ ತಿರುಗಿ ಹೇಳುವ ಹುಡುಗಿಗೆ ಎಲ್ಲ ಅರ್ಥವಾಗಿದೆ ಅಂದುಕೊಂಡಿದ್ದೆ. ಅರ್ಥವಾಗಿರಲಿಲ್ಲ. ಓದಲು ಬರೆಯಲು ಕಷ್ಟವಾಗುವ ಡಿಸ್ಲೆಕ್ಸಿಯಾ ಅಂದರೆ ಅಕ್ಷರ ತಲೆಕೆಳಗಾಗಿ ಕಾಣುವುದು ಅಂದುಕೊಂಡಿದ್ದೆ. ಹೆಚ್ಚಿನ ಮಕ್ಕಳಲ್ಲಿ ತೊಡಕು ಇರುವುದು ಪದವನ್ನು ಸದ್ದುಗಳಾಗಿ ಬಿಡಿಸುವುದರಲ್ಲಿ, ಕಣ್ಣಿನಲ್ಲಲ್ಲ.

ಕಾಯುವ ವಿಷಯವೂ ಅಲ್ಲೇ ಸಿಕ್ಕಿತು. ಮೇರಿ ಬಡ್ ರೋ ಅನ್ನುವ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನ ತರಗತಿಗಳನ್ನು ಗಮನಿಸಿದರು. ಶಿಕ್ಷಕರು ಸರಾಸರಿ 1 ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. ಇದನ್ನು ಓದಿ ತಲೆದೂಗಿದೆ, ನೋಟ್ಸ್ ಬರೆದುಕೊಂಡೆ, ಕ್ವಿಜ್ ಪಾಸಾದೆ. ತರಗತಿಯಲ್ಲಿ ಏನೂ ಬದಲಾಗಲಿಲ್ಲ.

ಒಂದು ತಮಾಷೆ ಹೇಳಬೇಕು. ಆ ಕೋರ್ಸಿನ ದೊಡ್ಡ ಅಧ್ಯಾಯ ಕಲಿಕೆಯ ಸಾರ್ವತ್ರಿಕ ವಿನ್ಯಾಸದ ಬಗ್ಗೆ ಇತ್ತು. 1984ರಲ್ಲಿ ಶುರುವಾದ ಅಮೆರಿಕದ ಕಾಸ್ಟ್ (CAST) ಸಂಸ್ಥೆ ಬೆಳೆಸಿದ ಚೌಕಟ್ಟು ಅದು. ಪಾಠವನ್ನು ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ತೋರಿಸಿ, ಮಕ್ಕಳು ಕಲಿತದ್ದನ್ನು ಹಲವು ರೀತಿಯಲ್ಲಿ ಹೇಳಲು ಬಿಡಿ, ಆಸಕ್ತಿ ಹುಟ್ಟಿಸಲೂ ಹಲವು ದಾರಿ ಇಡಿ. ಇದನ್ನು ಕಲಿಸಿದ್ದು ಹೇಗೆ? ಐವತ್ತು ನಿಮಿಷದ ಒಂದೇ ವಿಡಿಯೊ ಭಾಷಣ, ಕೆಳಗೆ ಸಬ್‌ಟೈಟಲ್ ಇಲ್ಲ, ಕೊನೆಗೆ ನಾಲ್ಕು ಆಯ್ಕೆಯ ಪ್ರಶ್ನೆ. ಮಗು ಮೇಜಿನ ಕೆಳಗೆ ಹೋಗಿ ಕೂತಾಗ ನಮ್ಮ ಮುಂದೆ ಅ, ಆ, ಇ, ಈ ಅಂತ ನಾಲ್ಕು ಆಯ್ಕೆ ಬರುವುದಿಲ್ಲ, ಅಲ್ವಾ?

ಕಾರ್ಯಾಗಾರಗಳ ಬಗ್ಗೆ ನನ್ನ ಮನಸ್ಸು ಎರಡಾಗಿದೆ. ಒಂದು ನಿಜಕ್ಕೂ ಚೆನ್ನಾಗಿತ್ತು, ಇನ್ನೊಂದು ಸಮಯ ಹಾಳು.

ಚೆನ್ನಾಗಿದ್ದದ್ದು ಪೆಕ್ಸ್ ಬಗ್ಗೆ. ಅಂದರೆ ಮಾತು ಬರದ ಮಗು ಚಿತ್ರದ ಕಾರ್ಡ್ ಕೊಟ್ಟು ತನಗೆ ಬೇಕಾದದ್ದನ್ನು ಕೇಳುವ ಪದ್ಧತಿ. ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ 1985ರಲ್ಲಿ ಇದನ್ನು ರೂಪಿಸಿದರು, ಒಟ್ಟು ಆರು ಹಂತ. ಅಲ್ಲಿ ನನ್ನನ್ನು ಮಗುವಿನ ಜಾಗದಲ್ಲಿ ಕೂರಿಸಿದರು. ಬಾಯಿ ಬಿಡುವ ಹಾಗಿಲ್ಲ. ಎದುರಿಗಿದ್ದವರ ಕೈಯಲ್ಲಿ ಚೆಂಡು. ಅವರು "ಏನು ಬೇಕು? ಹೇಳು, ಹೇಳು" ಅಂತ ಶುರು ಮಾಡಿದಾಗ ನನಗೆ ಅಳುವೇ ಬರುವ ಹಾಗಾಯಿತು. ಆಮೇಲೆ ಸರಿಯಾದ ಕ್ರಮ ತೋರಿಸಿದರು. ಮೊದಲ ಹಂತದಲ್ಲಿ ಎದುರಿಗಿರುವವರು ಏನೂ ಕೇಳಬಾರದು. ಮಗು ಚೆಂಡಿನ ಕಡೆ ಕೈ ಚಾಚಿದಾಗ, ಹಿಂದೆ ಕೂತ ಇನ್ನೊಬ್ಬರು ಮಾತಿಲ್ಲದೆ ಆ ಕೈಯನ್ನು ಕಾರ್ಡಿನ ಕಡೆ ತಿರುಗಿಸಬೇಕು. ಕಾರ್ಡ್ ಕೈಗೆ ಬಂದ ಕೂಡಲೇ ಚೆಂಡು ಕೊಡಬೇಕು. ಆ ಕಾಲು ಗಂಟೆಯಲ್ಲಿ ನನ್ನ ಮೈಗೆ ಗೊತ್ತಾದದ್ದು ಇಡೀ ಕೋರ್ಸಿನಲ್ಲಿ ಗೊತ್ತಾಗಿರಲಿಲ್ಲ.

ಸೋಮವಾರ ತರಗತಿಗೆ ಹೋದೆ. ಕಾರ್ಡ್ ಸಿದ್ಧ. ಮಗು ಸಿದ್ಧ. ಹಿಂದೆ ಕೂರಬೇಕಾದ ಆ ಇನ್ನೊಬ್ಬರು ಎಲ್ಲಿ? ಇಡೀ ತರಗತಿಯಲ್ಲಿ ಆ ಕ್ರಮ ಗೊತ್ತಿದ್ದವಳು ನಾನೊಬ್ಬಳೇ. ಸಹಾಯಕಿಯನ್ನೂ ಆ ತರಬೇತಿಗೆ ಕಳಿಸಬೇಕಿತ್ತು ಅನ್ನುವುದು ಆಗ ಹೊಳೆಯಿತು. ಎರಡು ವಾರ ಒದ್ದಾಡಿ ಕಾರ್ಡುಗಳನ್ನು ಡಬ್ಬಿಗೆ ಹಾಕಿದೆ.

ಇನ್ನೊಂದು ಕಾರ್ಯಾಗಾರದ ಹೆಸರು ಬೇಡ. ಅರ್ಧ ದಿನ ಮಕ್ಕಳನ್ನು ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಅಂತ ಭಾಗ ಮಾಡಿಸಿದರು. ಬಣ್ಣದ ಚೀಟಿ ಬೇರೆ. ಮನೋವಿಜ್ಞಾನಿ ಹೆರಾಲ್ಡ್ ಪ್ಯಾಷ್ಲರ್ ಮತ್ತು ಸಂಗಡಿಗರು 2008ರಲ್ಲೇ ಈ ವಾದವನ್ನು ಪರಿಶೀಲಿಸಿದ್ದರು. ಮಗುವಿನ 'ಶೈಲಿ'ಗೆ ಹೊಂದಿಸಿ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಅನ್ನುವುದಕ್ಕೆ ಸರಿಯಾದ ಪುರಾವೆ ಇಲ್ಲ ಅಂದಿದ್ದರು. ಈಗ ಕಾರ್ಯಾಗಾರಕ್ಕೆ ಹೆಸರು ಕೊಡುವ ಮುಂಚೆ ಎರಡೇ ಪ್ರಶ್ನೆ ಕೇಳುತ್ತೇನೆ. ನಾವೇ ಮಾಡಿ ನೋಡಲು ಎಷ್ಟು ಹೊತ್ತು ಇದೆ? ಸಹಾಯಕಿಯನ್ನು ಕರೆತರಬಹುದಾ? ಮೊದಲನೆಯದಕ್ಕೆ ಉತ್ತರ ತಡವರಿಸಿದರೆ ಹೋಗುವುದಿಲ್ಲ.

ಇನ್ನು ಮಾರ್ಗದರ್ಶಿ. ಎರಡು ವಾರಕ್ಕೊಮ್ಮೆ ಬರುತ್ತಿದ್ದರು. ನಲವತ್ತು ನಿಮಿಷ ನೋಡುವುದು, ಇಪ್ಪತ್ತು ನಿಮಿಷ ಮಾತು. ಒಂದು ಸಲಕ್ಕೆ ಒಂದೇ ವಿಷಯ ತಿದ್ದುತ್ತಿದ್ದರು. ಮೊದಲ ದಿನದ ಸ್ಟಾಪ್‌ವಾಚ್ ಕಥೆ ಹೇಳಿದೆನಲ್ಲ, ಅವತ್ತು ನಾಚಿಕೆಯಿಂದ ಕುಗ್ಗಿ ಹೋಗಿದ್ದೆ. ಅವರು ಬಯ್ಯಲಿಲ್ಲ. "ಮನಸ್ಸಿನಲ್ಲೇ ಐದು ಎಣಿಸಿ ಟೀಚರ್, ಬೆರಳು ಮಡಚಿಕೊಂಡು" ಅಂದರು, ಅಷ್ಟೇ.

ನಿಜವಾದ ಪಾಠ ಆಮೇಲೆ ಬಂತು. ಗಣಿತದ ಹೊತ್ತಿನಲ್ಲಿ ಹಾಳೆ ಹರಿಯುವ ಒಬ್ಬ ಹುಡುಗನಿದ್ದ. ಅವನಿಗೆ ಗಣಿತ ಆಗುವುದಿಲ್ಲ ಅಂತ ನಾನು ತೀರ್ಮಾನಿಸಿಬಿಟ್ಟಿದ್ದೆ. ಅವರು ಮೂರು ಕಾಲಮ್ ಹಾಕಿದ ಹಾಳೆ ಕೊಟ್ಟರು: ಮೊದಲು ಏನಾಯಿತು, ಅವನು ಏನು ಮಾಡಿದ, ಆಮೇಲೆ ಏನಾಯಿತು. ಹಾಳೆ ಹರಿದ 14 ಸಲ ಬರೆದಿಟ್ಟೆ. 11 ಸಲ ಅದಕ್ಕೆ ಸ್ವಲ್ಪ ಮುಂಚೆ ನಾನು ಚಿತ್ರ ಬಿಡಿಸುವುದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದ್ದೆ. ತೊಂದರೆ ಗಣಿತದ್ದಲ್ಲ, ಹೇಳದೆ ಕೇಳದೆ ಬದಲಾಯಿಸುವುದರದ್ದು.

"ಆದರೆ ಗೋಡೆಯ ಮೇಲೆ ಚಿತ್ರದ ವೇಳಾಪಟ್ಟಿ ಹಾಕಿದ್ದೇನಲ್ಲ" ಅಂದೆ. ಕೋರ್ಸಿನಲ್ಲಿ ಟೀಚ್ (TEACCH) ಅನ್ನುವ ಪದ್ಧತಿಯ ಪಾಠ ಓದಿ ಚೆಂದವಾಗಿ ಮಾಡಿದ್ದು ಅದು. 1970ರ ದಶಕದಿಂದ ಎರಿಕ್ ಶಾಪ್ಲರ್ ಮತ್ತು ಅವರ ತಂಡ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಆಟಿಸಂ ಇರುವ ಮಕ್ಕಳಿಗಾಗಿ ಬೆಳೆಸಿದ ಪದ್ಧತಿ. ಮಾರ್ಗದರ್ಶಿ ಗೋಡೆ ನೋಡಿದರು, ಹುಡುಗ ಕೂರುವ ಜಾಗ ನೋಡಿದರು. "ಇದು ಅವನಿಗಾ, ನೋಡಲು ಬರುವವರಿಗಾ?" ಅಂದರು. ಅವನು ಕೂತಲ್ಲಿಂದ ಅದು ಕಾಣುತ್ತಲೇ ಇರಲಿಲ್ಲ. ನಾಲ್ಕೇ ಕಾರ್ಡ್ ಅವನ ಮೇಜಿಗೆ ಬಂದವು. ಮುಗಿದ ಕೆಲಸದ ಕಾರ್ಡನ್ನು ಅವನೇ ತೆಗೆದು ಡಬ್ಬಿಗೆ ಹಾಕಬೇಕು. ಹರಿಯುವುದು ಪೂರ್ತಿ ನಿಲ್ಲಲಿಲ್ಲ. ದಿನಾ ಇದ್ದದ್ದು ಮೂರು ವಾರದಲ್ಲಿ ವಾರಕ್ಕೆ ಎರಡು ಸಲಕ್ಕೆ ಇಳಿಯಿತು.

ಡಬ್ಬಿ ಸೇರಿದ್ದ ಪೆಕ್ಸ್ ಕಾರ್ಡುಗಳೂ ಹೊರಗೆ ಬಂದವು. ಹಿಂದೆ ಕೂರಲು ಮಾರ್ಗದರ್ಶಿಯೇ ಇದ್ದರು. ನೋಡುತ್ತಾ ನಮ್ಮ ಸಹಾಯಕಿಯೂ ಕಲಿತರು.

ಹಾಗಂತ ಮಾರ್ಗದರ್ಶಿ ಎಲ್ಲರಿಗೂ ದೇವರಲ್ಲ. ಎಲ್ಲವೂ ಬರುವ ವ್ಯಕ್ತಿಯ ಮೇಲೆ ನಿಂತಿದೆ. ಇವರಿಗಿಂತ ಮೊದಲು ಒಬ್ಬರು ಬಂದಿದ್ದರು. ಫಾರಂ ತುಂಬಿ ಮುಖ್ಯ ಶಿಕ್ಷಕರ ಕೋಣೆಗೆ ಹೋಗುತ್ತಿದ್ದರು. ಅವರು ಬರುವ ದಿನ ನಾನು ಮಕ್ಕಳಿಗೆ ಚೆನ್ನಾಗಿ ಗೊತ್ತಿದ್ದ ಪಾಠವನ್ನೇ ಮತ್ತೆ ಮಾಡುತ್ತಿದ್ದೆ. ಯಾರು ತಾನೇ ತಪಾಸಣೆಯವರ ಮುಂದೆ ತಪ್ಪು ತೋರಿಸುತ್ತಾರೆ? ಇನ್ನೊಂದು, ಒಬ್ಬರಿಗೆ ಎಲ್ಲ ಗೊತ್ತಿರುವುದಿಲ್ಲ. ಶ್ರವಣ ಸಾಧನ ಹಾಕುವ ಹುಡುಗಿಯ ಬಗ್ಗೆ ಕೇಳಿದಾಗ ಈ ಒಳ್ಳೆಯ ಮಾರ್ಗದರ್ಶಿ "ಅದು ನನ್ನ ಕ್ಷೇತ್ರ ಅಲ್ಲ" ಅಂದುಬಿಟ್ಟರು. ಆಗ ಹಳೆಯ ಕೋರ್ಸಿನ ಪಾಠವೇ ಕೈಹಿಡಿಯಿತು: ಗದ್ದಲ ಮತ್ತು ದೂರ ಇದ್ದರೆ ಸಾಧನದ ಉಪಯೋಗ ಕಡಿಮೆಯಾಗುತ್ತದೆ, ಬೋರ್ಡಿನ ಕಡೆ ಮುಖ ಮಾಡಿ ಮಾತಾಡಬೇಡಿ.

ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಅನ್ನುವ ಸಂಶೋಧಕರು 1980ರ ದಶಕದಲ್ಲೇ ಶಿಕ್ಷಕರ ತರಬೇತಿಯ ಬಗ್ಗೆ ನನ್ನ ಈ ಅನುಭವವನ್ನೇ ಹೇಳಿದ್ದರು. ವಿವರಣೆ, ಮಾಡಿ ತೋರಿಸುವುದು, ಅಭ್ಯಾಸ, ತಿದ್ದುವುದು ಎಲ್ಲ ಬೇಕು, ಆದರೆ ಕಲಿತದ್ದು ತರಗತಿಯೊಳಗೆ ಬರಬೇಕಾದರೆ ಜೊತೆಗೊಬ್ಬರು ನಿಲ್ಲಬೇಕು. ಹಾಗಾಗಿ ಒಂದನ್ನೇ ಆರಿಸಿ ಅಂದರೆ ನನ್ನ ಆಯ್ಕೆ ಮಾರ್ಗದರ್ಶಿ. ಆದರೆ ಏನೂ ಓದದೆ ಅವರನ್ನು ಕರೆದರೆ ಅವರ ಇಪ್ಪತ್ತು ನಿಮಿಷ ಪದಗಳ ಅರ್ಥ ಹೇಳುವುದರಲ್ಲೇ ಮುಗಿಯುತ್ತದೆ. ನಾಲ್ಕೈದು ವಾರ ಆನ್‌ಲೈನ್‌ನಲ್ಲಿ ಓದಿ, ತಕ್ಷಣ ಕರೆಯಿರಿ. ನನ್ನ ಹಾಗೆ ಏಳು ತಿಂಗಳು ಬಿಡಬೇಡಿ. ನನಗೆ ಅರ್ಧ ಮರೆತೇ ಹೋಗಿತ್ತು. ಮಾರ್ಗದರ್ಶಿ ಸಿಗದಿದ್ದರೆ ಪಕ್ಕದ ತರಗತಿಯವರನ್ನು ಕರೆದು ಒಂದೇ ವಿಷಯ ಎಣಿಸಲು ಹೇಳಿ. ಪರಿಣತರ ಕಣ್ಣಿಗೆ ಅದು ಸಮವಲ್ಲ, ಆದರೆ ಕ್ವಿಜ್‌ಗಿಂತ ಎಷ್ಟೋ ಮೇಲು.

ನನ್ನ ಮಾರ್ಗದರ್ಶಿ ಬರುವುದು ನಿಂತು ನಾಲ್ಕು ತಿಂಗಳಾಯಿತು. ಪೋಷಕರ ಒಪ್ಪಿಗೆ ಪಡೆದು ತಿಂಗಳಿಗೊಮ್ಮೆ ಫೋನಿನಲ್ಲಿ ನನ್ನ ಪಾಠವನ್ನೇ ವಿಡಿಯೊ ಮಾಡಿಕೊಂಡು, ಕೂತು ಸೆಕೆಂಡ್ ಎಣಿಸುತ್ತೇನೆ. ಅವರಿದ್ದಾಗ ಸರಾಸರಿ 4 ಇತ್ತು. ಕಳೆದ ತಿಂಗಳು 2ಕ್ಕೆ ಬಂದಿದೆ. ಮತ್ತೆ ಬೆರಳು ಮಡಚಲು ಶುರು ಮಾಡಿದ್ದೇನೆ.