ಬಿಸಿಯಲ್ಲಿ ಬಿರುಕಿಗೆ ತಡೆಯುವ ತಾಮ್ರ ಯಾವುದು: ಕ್ರೋಮ್-ಜಿರ್ಕೋನಿಯಂ ಮತ್ತು ಗ್ಲಿಡ್‌ಕಾಪ್

ಫ್ಯೂಷನ್ ರಿಯಾಕ್ಟರ್‌ಗೆ (ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ತೆಗೆಯುವ ಯಂತ್ರಕ್ಕೆ) ಯಾವ ತಾಮ್ರ ಒಳ್ಳೆಯದು ಅಂತ ಕೇಳಿದರೆ ಜಾಸ್ತಿ ಜನ ಮೊದಲು ಎರಡೇ ವಿಷಯ ನೋಡುತ್ತಾರೆ: ಶಾಖವನ್ನು ಎಷ್ಟು ಚೆನ್ನಾಗಿ ಸಾಗಿಸುತ್ತದೆ, ಎಷ್ಟು ಗಟ್ಟಿ ಇದೆ. ಅಷ್ಟನ್ನೇ ನೋಡಿದರೆ ಗ್ಲಿಡ್‌ಕಾಪ್, ಅಂದರೆ ಅಲ್ಯೂಮಿನಾದ (ಅಲ್ಯೂಮಿನಿಯಂ ಆಕ್ಸೈಡ್) ಸಣ್ಣ ಕಣಗಳಿರುವ ತಾಮ್ರ, ಮುಂದಿದೆ. ಅದರ ಎದುರಾಳಿ ಸ್ವಲ್ಪ ಕ್ರೋಮಿಯಂ, ಜಿರ್ಕೋನಿಯಂ ಬೆರೆಸಿದ ತಾಮ್ರ. ಎರಡನ್ನೂ ಲ್ಯಾಬ್‌ನಲ್ಲಿ ಬಿಸಿ ಮಾಡಿ, ಬಿರುಕು ಎಬ್ಬಿಸಿ, ಎಳೆದು ಮುರಿದು ನೋಡಿದ್ದೇನೆ. ನನ್ನ ಆಯ್ಕೆ ಕ್ರೋಮ್-ಜಿರ್ಕೋನಿಯಂ ತಾಮ್ರ.

ಬಿರುಕಿನ ಮೇಲೆ ಯಾಕೆ ಇಷ್ಟು ಗಮನ? ಫ್ರಾನ್ಸ್‌ನ ಕಡರಾಶ್‌ನಲ್ಲಿ ಕಟ್ಟುತ್ತಿರುವ ಇಟರ್ ಫ್ಯೂಷನ್ ರಿಯಾಕ್ಟರ್‌ನ ಡೈವರ್ಟರ್ ನೋಡಿ, ಅಂದರೆ ಪಾತ್ರೆಯ ತಳದಲ್ಲಿ ಅತಿ ಹೆಚ್ಚು ಶಾಖ ತಡೆದುಕೊಳ್ಳುವ ಭಾಗ. ಹೊರಗೆ ಟಂಗ್‌ಸ್ಟನ್ ತುಂಡುಗಳು, ಅವುಗಳ ಒಳಗೆ ತಾಮ್ರದ ಕೊಳವೆ, ಕೊಳವೆಯಲ್ಲಿ ಒತ್ತಡದ ನೀರು. ಪ್ರತಿ ಚದರ ಮೀಟರ್‌ಗೆ 10 ಮೆಗಾವ್ಯಾಟ್ ಶಾಖ ಸತತವಾಗಿ ಬೀಳುತ್ತದೆ, ಸ್ವಲ್ಪ ಹೊತ್ತು 20 ಮೆಗಾವ್ಯಾಟ್‌ವರೆಗೂ ಹೋಗಬಹುದು. ಕೊಳವೆಯ ಗೋಡೆ ಬರೀ 1.5 ಮಿಲಿಮೀಟರ್ ದಪ್ಪ. ಒಂದು ಕಡೆ ಕಾದ ಟಂಗ್‌ಸ್ಟನ್, ಇನ್ನೊಂದು ಕಡೆ ನೀರು, ಪ್ರತಿ ಪಲ್ಸ್‌ನಲ್ಲೂ (ರಿಯಾಕ್ಟರ್ ಒಮ್ಮೆ ಉರಿದು ಆರುವಾಗ) ಹಿಗ್ಗಿ ಕುಗ್ಗುವ ಲೋಹ. ಅಲ್ಲೊಂದು ಬಿರುಕು ಆಚೆ ತನಕ ಹೋದರೆ ನೀರು ನೇರವಾಗಿ ನಿರ್ವಾತದ ಪಾತ್ರೆಗೆ ನುಗ್ಗುತ್ತದೆ.

ಎರಡೂ ಗಟ್ಟಿಯಾಗುವ ದಾರಿ ಬೇರೆ ಬೇರೆ. ಕ್ರೋಮ್-ಜಿರ್ಕೋನಿಯಂ ತಾಮ್ರವನ್ನು ಸುಮಾರು 980 ಡಿಗ್ರಿಗೆ ಕಾಯಿಸಿ, ನೀರಿಗೆ ಹಾಕಿ ತಣಿಸಿ, ಆಮೇಲೆ 475 ಡಿಗ್ರಿ ಆಸುಪಾಸಿನಲ್ಲಿ ಕೆಲವು ಗಂಟೆ ಇಡಬೇಕು. ಆಗ ಒಳಗೆ ಕ್ರೋಮಿಯಂನ ಅತಿ ಸಣ್ಣ ಕಣಗಳು ಹುಟ್ಟುತ್ತವೆ. ಗ್ಲಿಡ್‌ಕಾಪ್ ಎಎಲ್-25ರಲ್ಲಿ ತಾಮ್ರದ ಪುಡಿಯೊಳಗೇ ಅಲ್ಯೂಮಿನಾ ಕಣಗಳನ್ನು ಬೆಳೆಸಿ, ಆ ಪುಡಿಯನ್ನು ಒತ್ತಿ ಹಿಂಡಿ ತೆಗೆದಿರುತ್ತಾರೆ. ಅಲ್ಯೂಮಿನಾ ಈ ಬಿಸಿಗೆ ಕರಗುವುದಿಲ್ಲ. ಕ್ರೋಮಿಯಂ ಕಣ ಬಿಸಿ ಹೆಚ್ಚಾದರೆ ದಪ್ಪಗಾಗುತ್ತದೆ, ಇನ್ನೂ ಹೆಚ್ಚಾದರೆ ತಾಮ್ರದೊಳಗೆ ಕರಗಿಯೇ ಹೋಗುತ್ತದೆ.

ಸಾಮಾನ್ಯ ತಾಪದಲ್ಲಿ ಎರಡೂ ಚೆನ್ನಾಗಿಯೇ ನಿಂತವು. ಕ್ರೋಮ್-ಜಿರ್ಕೋನಿಯಂ ಸ್ಯಾಂಪಲ್‌ನಲ್ಲಂತೂ ಬಿರುಕಿನ ತುದಿ ಮೊಂಡಾಗಿ, ಬಾಯಿ ಅಗಲವಾಗಿ ತೆರೆದುಕೊಂಡಿತೇ ಹೊರತು ಮುಂದೆ ಹೋಗಲು ಒಪ್ಪಲಿಲ್ಲ. ಲೋಹ ಅಷ್ಟೊಂದು ಹಿಗ್ಗಿದಾಗ ಬಿರುಕಿನ ತುದಿಯ ಒತ್ತಡ ಅಳೆಯುವ ಮಾಮೂಲಿ 'ಕೆ' ಲೆಕ್ಕ ನಡೆಯುವುದಿಲ್ಲ, ಬಿರುಕು ಮುಂದೆ ಹೋಗಲು ಬೇಕಾದ ಶಕ್ತಿ ಅಳೆಯುವ 'ಜೆ-ಇಂಟೆಗ್ರಲ್' ಲೆಕ್ಕಕ್ಕೇ ಹೋಗಬೇಕು. ಗ್ಲಿಡ್‌ಕಾಪ್‌ನಲ್ಲಿ ಸ್ಯಾಂಪಲ್ ಕತ್ತರಿಸಿದ ದಿಕ್ಕು ಮುಖ್ಯ. ಹಿಂಡಿ ತೆಗೆದ ದಿಕ್ಕಿಗೆ ಅಡ್ಡವಾಗಿ ಬಿರುಕು ಹೋಗಬೇಕಾದರೆ ಒದ್ದಾಡುತ್ತದೆ, ಅದೇ ದಿಕ್ಕಿನಲ್ಲಿ ಬಿಟ್ಟರೆ ಬಿದಿರು ಸೀಳಿದ ಹಾಗೆ ಹೋಗುತ್ತದೆ. ಮಾರುವವರು ಕೊಡುವ ಡೇಟಾ ಶೀಟ್‌ನಲ್ಲಿ ಒಂದೇ ದಿಕ್ಕಿನ ಅಂಕಿ ಇದ್ದರೆ ಇನ್ನೊಂದನ್ನೂ ಕೇಳಿ ಪಡೆಯಿರಿ.

ನಿಜವಾದ ವ್ಯತ್ಯಾಸ ಕಂಡದ್ದು ಫರ್ನೇಸ್ ಹಾಕಿ 250 ಡಿಗ್ರಿಗೆ ಏರಿಸಿದಾಗ. ಬರೀ ಎಳೆಯುವ ಪರೀಕ್ಷೆಯಲ್ಲಿ ಗ್ಲಿಡ್‌ಕಾಪ್‌ಗೆ ಏನೂ ಆಗಿಲ್ಲ ಅನ್ನಿಸುತ್ತದೆ, ಬಲ ಸ್ವಲ್ಪವೇ ಇಳಿಯುತ್ತದೆ. ಆದರೆ ಮೊದಲೇ ಬಿರುಕಿರುವ ಸ್ಯಾಂಪಲ್ ಎಳೆದರೆ ಕಥೆಯೇ ಬೇರೆ: ಲೋಡ್ ಒಂದು ಮಟ್ಟಕ್ಕೆ ಬಂದದ್ದೇ ತಡ, ಬಿರುಕು ಸರಸರ ಮುಂದೆ ಹೋಗುತ್ತದೆ, ನಿಧಾನವಾಗಿ ಎಳೆದಷ್ಟೂ ಇನ್ನೂ ಕೆಟ್ಟದಾಗಿ. ಮುರಿದ ಮುಖವನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಗುಳಿಗಳೆಲ್ಲ ಚಿಕ್ಕವು, ಆಳವಿಲ್ಲ. ಅಂದರೆ ಲೋಹ ಹಿಗ್ಗಿದ್ದು ಬಿರುಕಿನ ಪಕ್ಕದ ತೆಳು ಪಟ್ಟಿಯಲ್ಲಿ ಮಾತ್ರ. ಸುತ್ತಲಿನ ಲೋಹ ಆ ಭಾರ ಹಂಚಿಕೊಳ್ಳಲೇ ಇಲ್ಲ. ಕ್ರೋಮ್-ಜಿರ್ಕೋನಿಯಂನ ಶಕ್ತಿಯೂ ಬಿಸಿಗೆ ಇಳಿಯುತ್ತದೆ, ಇಲ್ಲ ಅನ್ನುವುದಿಲ್ಲ, ಆದರೂ ಅದರಲ್ಲಿ ಬಿರುಕು ನಿಧಾನವಾಗಿ, ಪ್ರತಿ ಹೆಜ್ಜೆಗೂ ಬಲ ಕೇಳುತ್ತಾ ಮುಂದೆ ಹೋಗುತ್ತದೆ. ಅಮೆರಿಕದ ಓಕ್ ರಿಡ್ಜ್ ಲ್ಯಾಬ್‌ನವರು 1990ರ ದಶಕದಲ್ಲೇ ತಾಮ್ರದ ಮಿಶ್ರಲೋಹಗಳಲ್ಲಿ ಬಿರುಕು ತಡೆಯುವ ಗುಣ ಬಿಸಿಗೆ ಇಳಿಯುವುದನ್ನು ಅಳೆದಿದ್ದರು. ಕೊಳವೆ ಕೆಲಸ ಮಾಡುವುದೇ ಈ ಬಿಸಿಯಲ್ಲಿ ಅಲ್ವಾ? ಹಾಗಾಗಿ ಕೋಣೆಯ ತಾಪದ ಅಂಕಿ ಹಿಡಿದು ಲೋಹ ಆರಿಸುವುದನ್ನು ನಾನು ಒಪ್ಪುವುದಿಲ್ಲ.

ಗ್ಲಿಡ್‌ಕಾಪ್ ಗೆಲ್ಲುವ ಜಾಗವೂ ಇದೆ, ಅದು ಬ್ರೇಜಿಂಗ್, ಅಂದರೆ ನಡುವೆ ಬೇರೆ ಲೋಹ ಕರಗಿಸಿ ಭಾಗಗಳನ್ನು ಅಂಟಿಸುವ ಕೆಲಸ. ಎರಡನ್ನೂ 900 ಡಿಗ್ರಿ ದಾಟಿಸಿ ಫರ್ನೇಸ್‌ನಲ್ಲೇ ಆರಲು ಬಿಟ್ಟೆ. ಗ್ಲಿಡ್‌ಕಾಪ್‌ನ ಗಡಸುತನ ಹೆಚ್ಚುಕಡಿಮೆ ಹಾಗೇ ಇತ್ತು. ಕ್ರೋಮ್-ಜಿರ್ಕೋನಿಯಂ ಮೆತ್ತಗಾಗಿ ಮಾಮೂಲಿ ತಾಮ್ರದ ಹತ್ತಿರ ಬಂದಿತ್ತು. ಅದನ್ನು ಬೇಗ ತಣಿಸಿ ಮತ್ತೆ 475ರಲ್ಲಿ ಇಟ್ಟರೆ ಸರಿ ಹೋಗುತ್ತದೆ, ಆದರೆ ಸ್ಟೀಲು, ಟಂಗ್‌ಸ್ಟನ್ ಎಲ್ಲ ಅಂಟಿರುವ ದೊಡ್ಡ ಭಾಗವನ್ನು ಬೇಗ ತಣಿಸುವುದು ಸುಲಭದ ಕೆಲಸ ಅಲ್ಲ. ವೆಲ್ಡಿಂಗ್‌ನಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ: ಕರಗಿಸಿ ಬೆಸೆದರೆ ಗ್ಲಿಡ್‌ಕಾಪ್‌ನ ಅಲ್ಯೂಮಿನಾ ಹಂಚಿಕೆಯೇ ಕೆಡುತ್ತದೆ, ಆಮೇಲೆ ಏನು ಮಾಡಿದರೂ ವಾಪಸ್ ಬರುವುದಿಲ್ಲ.

ನಿಕ್ಕಲ್-ಬೆರಿಲಿಯಂ ತಾಮ್ರವೂ ಈ ಸಾಲಿನಲ್ಲಿ ಇತ್ತು. ಬಲದಲ್ಲಿ ಮೂರರಲ್ಲಿ ಅದೇ ಮೊದಲು. ಆದರೆ ಬಿಸಿಯಲ್ಲಿ ಗ್ರೇನ್‌ಗಳ (ಲೋಹದೊಳಗಿನ ಸಣ್ಣ ಹರಳುಗಳ) ಗಡಿಯಲ್ಲೇ ಬಿಟ್ಟುಕೊಳ್ಳುತ್ತದೆ, ಬೆರಿಲಿಯಂ ಧೂಳು ಶ್ವಾಸಕೋಶಕ್ಕೆ ಅಪಾಯ. ನನಗೆ ಬೇಡ.

ಇಟರ್ ಆರಿಸಿದ್ದೂ ಕ್ರೋಮ್-ಜಿರ್ಕೋನಿಯಂನ್ನೇ. ಗಾಂಧಿನಗರದ ಫ್ಯೂಷನ್ ಪ್ರಯೋಗ ಯಂತ್ರ ಎಸ್‌ಎಸ್‌ಟಿ-1ರಲ್ಲೂ ಗ್ರಾಫೈಟ್ ಟೈಲ್‌ಗಳ ಹಿಂದೆ ಈ ಜಾತಿಯ ತಾಮ್ರವೇ ಇದೆ. ಆದರೆ ಅದಕ್ಕೂ ಮಿತಿ ಇದೆ. ತಾಮ್ರ ಕರಗುವುದು 1085 ಡಿಗ್ರಿಯಲ್ಲಿ. ಎರಡನ್ನೂ ಸೆಲ್ಸಿಯಸ್‌ನಿಂದ ಕೆಲ್ವಿನ್‌ಗೆ ತಿರುಗಿಸಿ ನೋಡಿದರೆ 300 ಡಿಗ್ರಿ ಅಂದರೆ ಆಗಲೇ ಅದರ ಶೇ. 42. ಗ್ರೇನ್‌ಗಳು ಜಾರಲು, ಗಡಿಯಲ್ಲಿ ಸಣ್ಣ ಟೊಳ್ಳುಗಳು ಹುಟ್ಟಲು ಅಷ್ಟು ಸಾಕು. ಇನ್ನೊಂದು ಕಡೆ, ಸುಮಾರು 150ಕ್ಕಿಂತ ಕೆಳಗೆ ನ್ಯೂಟ್ರಾನ್ ಏಟಿಗೆ ಲೋಹ ಗಡಸಾಗಿ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ನಾನು ಮುರಿದ ಸ್ಯಾಂಪಲ್‌ಗಳು ನ್ಯೂಟ್ರಾನ್ ಕಂಡವಲ್ಲ, ಇದನ್ನು ಗಮನದಲ್ಲಿ ಇಟ್ಟುಕೊಂಡೇ ಓದಿ. ಕೊಳವೆಯ ಗೋಡೆ ಸತತವಾಗಿ 350 ಡಿಗ್ರಿ ದಾಟುವ ವಿನ್ಯಾಸವಾದರೆ ಈ ಎರಡರಲ್ಲಿ ಯಾವುದನ್ನೂ ನಾನು ಹಾಕುವುದಿಲ್ಲ.